ವಿಶ್ವೇಶ್ವರಪುರದ ಛತ್ರದಲ್ಲಿ ಹಾರಿದ ಮಧ್ಯಾಹ್ನ

ಆಷಾಢದ ಒಂದು ಭಾನುವಾರ ಊಟ ಮುಗಿಸಿ ಮಲ್ಲೇಶ್ವರದ ಮನೆಯಿಂದ ಹೊರಟೆ. ಮೋಡ ಕವಿದಿತ್ತು, ಆದರೆ ಮಳೆ ಇರಲಿಲ್ಲ. ಗಾಳಿ ಮಾತ್ರ ಸೆರಗನ್ನು ನಿಲ್ಲಗೊಡದಷ್ಟು ಜೋರಾಗಿತ್ತು. ಎಂಟನೇ ಅಡ್ಡರಸ್ತೆಯ ಮೂಲೆಯಲ್ಲಿ ನಿಂತಿದ್ದ ಆಟೋದವರು ವಿಶ್ವೇಶ್ವರಪುರಕ್ಕೆ ಇನ್ನೂರು ಎಂದರು. ನಾನು ಸೀದಾ ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದ ಕಡೆಗೆ ನಡೆದೆ. ಅಲ್ಲಿಂದ ನ್ಯಾಷನಲ್ ಕಾಲೇಜು ನಾಲ್ಕನೇ ನಿಲ್ದಾಣ. ಮೆಜೆಸ್ಟಿಕ್‌ನಲ್ಲಿ ಅರ್ಧ ಬೋಗಿ ಇಳಿದು ಅಷ್ಟೇ ಜನ ಹತ್ತಿದರು. ಮಾರುಕಟ್ಟೆ ದಾಟಿದ ಮೇಲೆ ರೈಲು ಸುರಂಗದಿಂದ ಮೇಲಕ್ಕೆ ಬಂತು. ಕತ್ತಲಿದ್ದ ಕಿಟಕಿಯಲ್ಲಿ ತೆಂಗಿನ ಗರಿಗಳೂ ತಾರಸಿಯ ಮೇಲಿನ ನೀರಿನ ಟ್ಯಾಂಕುಗಳೂ ಒಮ್ಮೆಲೇ ಕಾಣಿಸಿಕೊಂಡವು. ಈ ಒಂದು ನೋಟಕ್ಕಾಗಿ ನಾನು ಯಾವಾಗಲೂ ಬಾಗಿಲ ಬಳಿ ನಿಲ್ಲುತ್ತೇನೆ.

ನಿಲ್ದಾಣದ ಕೆಳಗೆ ಅಣ್ಣ ಉಮೇಶ ಕಾಯುತ್ತಿದ್ದ. ಅವನ ಮನೆ ಶಂಕರಪುರದಲ್ಲಿ. ಚಿಕ್ಕಪೇಟೆಯಲ್ಲಿರುವ ನಮ್ಮ ತಾತನ ಕಾಲದ ಹಿತ್ತಾಳೆ ಪಾತ್ರೆ ಅಂಗಡಿಯನ್ನು ಅವನೇ ನಡೆಸುತ್ತಾನೆ. ಅರವತ್ತರ ಹತ್ತಿರ ಬಂದವನಿಗೆ ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಡ್ರೋನಿನ ಹುಚ್ಚು ಹಿಡಿದಿತ್ತು. ಕಣ್ಣಿಗೆ ಪೆಟ್ಟಿಗೆಯಂಥ ಕನ್ನಡಕ ಕಟ್ಟಿಕೊಂಡರೆ ಡ್ರೋನಿನ ಕ್ಯಾಮೆರಾ ಕಂಡದ್ದೆಲ್ಲ ನಮಗೂ ಕಾಣುತ್ತದೆ, ನಾವೇ ಅದರೊಳಗೆ ಕೂತು ಹಾರಿದ ಹಾಗಾಗುತ್ತದೆ ಎಂದು ಫೋನಿನಲ್ಲಿ ಹೇಳಿ ಹೇಳಿ ನನಗೂ ಆಸೆ ಹುಟ್ಟಿಸಿದ್ದ.

“ಬಂದ್ಯಾ ಗಿರಿಜಾ? ಊಟ ಆಯ್ತಾ?”

“ಆಯ್ತು. ಹೊಟ್ಟೆ ತುಂಬ ಉಣ್ಣಬೇಡ ಅಂದಿದ್ದೆಯಲ್ಲ, ಅರ್ಧ ಉಂಡು ಬಂದಿದೀನಿ.”

“ಒಳ್ಳೇದಾಯ್ತು. ಮೊದಲನೇ ಸಲ ನಾನು ವಾಂತಿ ಮಾಡ್ಕೊಂಡಿದ್ದೆ.”

ಊರ ನಡುವೆ ಬಯಲಿನಲ್ಲಿ ಹಾರಿಸಲು ನೂರೆಂಟು ನಿಯಮಗಳು. ಅದಕ್ಕೆ ಅಣ್ಣ ಸೇರಿಕೊಂಡಿದ್ದ ಗುಂಪು ಅಂಗೈಯಲ್ಲಿ ಹಿಡಿಸುವ ಪುಟ್ಟ ಡ್ರೋನುಗಳನ್ನು ಇಟ್ಟುಕೊಂಡು, ಮದುವೆಗಳಿಲ್ಲದೆ ಖಾಲಿ ಬಿದ್ದಿರುವ ಛತ್ರವೊಂದನ್ನು ಹುಡುಕಿಕೊಂಡಿತ್ತು. ಆಷಾಢ ಬಂತೆಂದರೆ ಅಲ್ಲಿಯ ಮ್ಯಾನೇಜರ್ ರುದ್ರಪ್ಪನವರಿಗೆ ಕೆಲಸವಿಲ್ಲ. ಸಾಮಾನುಗಳಿಗೆ ಪೆಟ್ಟಾಗಬಾರದು ಎಂಬ ಷರತ್ತಿನ ಮೇಲೆ ಬೀಗ ತೆಗೆದುಕೊಟ್ಟು, ತಾವೂ ಒಂದು ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತಿದ್ದರು.

“ಬನ್ನಿ ಬನ್ನಿ, ನೀವೂ ಹಾರಿಸ್ತೀರಾ? ಮೇಲಿನ ದೀಪದ ಗೊಂಚಲು ಒಂದನ್ನ ಬಿಟ್ಟು ಎಲ್ಲಿ ಬೇಕಾದ್ರೂ ಹೋಗಿ ತಾಯಿ,” ಎಂದರು.

ಖಾಲಿ ಛತ್ರವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ವೇದಿಕೆಯ ಮೇಲೆ ಕಡೆಯ ಮದುವೆಯ ಥರ್ಮಾಕೋಲ್ ಕಮಾನು ಅರ್ಧ ಹರಿದು ನಿಂತಿತ್ತು. ಕೆಂಪು ಬಟ್ಟೆ ತೆಗೆದ ಕುರ್ಚಿಗಳು ಬರಿಯ ಕಬ್ಬಿಣವಾಗಿ ಕಾಣುತ್ತಿದ್ದವು. ಗೋಡೆಗಳಲ್ಲಿ ಗಂಧ, ಹಳೆಯ ಸಾರು, ಫಿನಾಯಿಲು ಎಲ್ಲ ಸೇರಿದ ವಾಸನೆ. ಒಳಗೆ ನಾಲ್ಕೈದು ಜನರಿದ್ದರು. ಅವರನ್ನೆಲ್ಲ ಕೂಡಿಸಿದವಳು ರಶ್ಮಿ, ಗಾಂಧಿಬಜಾರಿನ ಹತ್ತಿರ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು. ಮೂವತ್ತರ ಆಸುಪಾಸಿನ, ಮಾತಿಗಿಂತ ಮುಂಚೆ ನಗುವ ಹುಡುಗಿ.

ಅವಳು ನನ್ನ ಅಂಗೈ ಮೇಲೆ ಡ್ರೋನನ್ನು ಇಟ್ಟಳು. ಹಪ್ಪಳದಷ್ಟೇ ಹಗುರ. ನಾಲ್ಕು ಪುಟ್ಟ ರೆಕ್ಕೆಗಳು, ಒಂದೊಂದರ ಸುತ್ತಲೂ ಪ್ಲಾಸ್ಟಿಕ್ ಬಳೆ, ಮುಂದೆ ಮೆಣಸಿನ ಕಾಳಿನಂಥ ಕ್ಯಾಮೆರಾ. ಇದಕ್ಕಾಗಿಯೇ ನಾನು ಅರ್ಧ ಹೊಟ್ಟೆಯಲ್ಲಿ ಬಂದದ್ದು ಎಂದು ನಗು ಬಂತು. ರಶ್ಮಿ ಎರಡು ಕಡ್ಡಿಗಳಿರುವ ರಿಮೋಟನ್ನು ಕೈಗೆ ಕೊಟ್ಟು, “ಎಡಗಡೆದು ಮೇಲೆ ಕೆಳಗೆ ಹೋಗೋಕೆ, ಸುತ್ತ ತಿರುಗೋಕೆ. ಬಲಗಡೆದು ಮುಂದೆ, ಹಿಂದೆ, ಪಕ್ಕಕ್ಕೆ. ಗಾಬರಿಯಾದ್ರೆ ಎಡಗಡೆದನ್ನ ಪೂರ್ತಿ ಕೆಳಗೆ ಎಳೀರಿ ಆಂಟಿ, ಬಿದ್ದುಹೋಗುತ್ತೆ ಅಷ್ಟೇ,” ಎಂದಳು. ಬೀಳುವುದನ್ನು ಇಷ್ಟು ಸಲೀಸಾಗಿ ಹೇಳಿಕೊಡುವ ಗುರು ನನಗೆ ಹಿಂದೆ ಸಿಕ್ಕಿರಲಿಲ್ಲ.

ಪೆಟ್ಟಿಗೆಯನ್ನು ಕಣ್ಣಿಗೆ ಕಟ್ಟಿಕೊಂಡೆ. ಛತ್ರ ಮಾಯವಾಯಿತು. ಅದರ ಜಾಗದಲ್ಲಿ ಇನ್ನೊಂದು ಛತ್ರ ಬಂತು, ಮಸುಕಾದದ್ದು, ಹಳೆಯ ಟಿ.ವಿ.ಯ ಹಾಗೆ ಸಣ್ಣಗೆ ನಡುಗುವಂಥದ್ದು. ನೆಲಹಾಸಿನ ಎಳೆಗಳು ಪೊದೆಗಳಂತೆ ಎದ್ದು ನಿಂತಿದ್ದವು. ಇರುವೆಯೊಂದು ನಾಯಿಯಷ್ಟು ದೊಡ್ಡದಾಗಿ ಎದುರಿನಿಂದ ಹಾದುಹೋಯಿತು. ನೆಲದ ಮೇಲೆ ಕಣ್ಣಿಟ್ಟು ಮಲಗಿದವರಿಗೆ ಲೋಕ ಹೀಗೆ ಕಾಣುತ್ತದೆ ಎಂದುಕೊಳ್ಳುತ್ತ ಎಡಗಡೆಯ ಕಡ್ಡಿಯನ್ನು ಮೇಲಕ್ಕೆ ಒತ್ತಿದೆ. ದೊಡ್ಡ ಸೊಳ್ಳೆಯ ಸದ್ದಾಯಿತು. ನೆಲ ಜಾರಿಹೋಯಿತು.

“ಅಯ್ಯೋ, ಮೇಲಕ್ಕೆ ಹೋಗ್ತಾ ಇದೆ! ನಿಲ್ತಾ ಇಲ್ಲ!”

“ನಿಲ್ಲಿಸೋದು ನೀವೇ ಆಂಟಿ. ಸ್ವಲ್ಪ ಇಳಿಸಿ. ಸ್ವಲ್ಪ.”

ಸ್ವಲ್ಪ ಎಷ್ಟೆಂದು ತಿಳಿಯುವುದರೊಳಗೆ ವೇದಿಕೆಗೆ ಹೊಡೆದು ಬಿದ್ದೆ. ಹೌದು, ಬಿದ್ದೆ ಎಂದೇ ಬರೆಯಬೇಕು. ಕುರ್ಚಿಯಲ್ಲಿ ಕೂತಿದ್ದ ನಾನು ಎರಡೂ ಮೊಣಕಾಲು ಎತ್ತಿ ಕೂಗಿದ್ದೆನಂತೆ. ರುದ್ರಪ್ಪನವರು ನೀರು ತಂದುಕೊಟ್ಟರು.

ಎರಡನೆಯ ಸಲ ಮೇಲೆ ನಿಲ್ಲಲು ಬಂತು. ನಿಂತ ಮೇಲೆ ಮೆಲ್ಲಗೆ ಮುಂದಕ್ಕೆ ಹೋದೆ. ಊಟದ ಮನೆಯ ಬಾಗಿಲ ಮೇಲಿನ ಅಟ್ಟವನ್ನು ಬಹುಶಃ ಅದನ್ನು ಕಟ್ಟಿದವರ ನಂತರ ನೋಡಿದವಳು ನಾನೇ. ಅಲ್ಲಿ ಒಂದು ಪ್ಲಾಸ್ಟಿಕ್ ಗಿಣಿ, ಒಣಗಿದ ಹಾರ, ಹಳದಿ ಚೆಂಡು ಇದ್ದವು. ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋದೆ.

“ಧೂಳು ಎಷ್ಟಿದೆ ಅಂತನೂ ನೋಡಿ ಹೇಳಿ,” ಎಂದು ರುದ್ರಪ್ಪನವರು ಬಾಗಿಲಿಂದ ಕೂಗಿದರು.

“ಗಿಣಿಯ ಕೊರಳವರೆಗೂ ಇದೆ.”

“ಶಿವಾ! ಇಳೀರಿ, ಸಾಕು.”

ಎಲ್ಲರೂ ನಕ್ಕರು. ಬ್ಯಾಟರಿ ನಾಲ್ಕು ನಿಮಿಷಕ್ಕೇ ಮುಗಿಯುವಂಥದ್ದು. ರಶ್ಮಿ ಹೊಸದನ್ನು ಹಾಕುತ್ತ, ಈ ಸಲ ಅಡುಗೆಮನೆಗೆ ಹೋಗಿಬನ್ನಿ ಎಂದಳು. ಊಟದ ಮನೆಗೂ ಅಡುಗೆಮನೆಗೂ ನಡುವೆ ಪಾತ್ರೆಗಳನ್ನು ದಾಟಿಸುವ ಒಂದು ಕಿಟಕಿ. ಅದರೊಳಗೆ ನುಗ್ಗಿ ಆ ಕಡೆಯ ಬಾಗಿಲಿಂದ ಹೊರಬರಬೇಕು. ಅಲ್ಲಿದ್ದ ಹೊಸಬರಿಗೆಲ್ಲ ಅದೇ ಪರೀಕ್ಷೆ.

“ಬೇಡ ರಶ್ಮಿ,” ಎಂದ ಅಣ್ಣ. “ಅವಳಿಗೆ ಎಡಗಣ್ಣು ಕಾಣಲ್ಲ. ದೂರ ಗೊತ್ತಾಗಲ್ಲ ಅವಳಿಗೆ.”

ನಾನು ಪೆಟ್ಟಿಗೆ ಕಟ್ಟಿಕೊಂಡೇ ಇದ್ದೆ. ಯಾರ ಮುಖವೂ ಕಾಣಿಸಲಿಲ್ಲ, ಅದೇ ಒಳ್ಳೆಯದಾಯಿತು. ಆರನೇ ವಯಸ್ಸಿನಲ್ಲಿ ಚಾಮರಾಜಪೇಟೆಯ ಬೀದಿಯಲ್ಲಿ ಪಟಾಕಿ ಸಿಡಿದು ಹೋದ ಕಣ್ಣು ಅದು. ನೋಡಿದವರಿಗೆ ತಿಳಿಯುವುದಿಲ್ಲ. ನನ್ನ ಕಚೇರಿಯಲ್ಲಿ ವರ್ಷಗಟ್ಟಲೆ ಜೊತೆಗೆ ಕೂತವರಿಗೂ ನಾನು ಹೇಳಿಲ್ಲ. ಹೇಳಿದ ಮರುಗಳಿಗೆಯಿಂದ ಜನ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವ ರೀತಿಯೇ ಬೇರೆಯಾಗುತ್ತದೆ. ಗೊತ್ತಿದ್ದೂ ಅಣ್ಣ ಇವರೆಲ್ಲರ ಮುಂದೆ ಹೇಳಿಬಿಟ್ಟನಲ್ಲ ಎಂದು ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆ ಬಿಚ್ಚಿಟ್ಟು ಮನೆಗೆ ಹೋಗಿಬಿಡೋಣ ಎನ್ನಿಸಿತು.

ರಶ್ಮಿಯೇ ಮೊದಲು ಮಾತಾಡಿದಳು. “ಅಂಕಲ್, ಡ್ರೋನಲ್ಲಿ ಕ್ಯಾಮೆರಾ ಎಷ್ಟಿದೆ?”

“ಒಂದು.”

“ಅಂದ್ಮೇಲೆ ಇದನ್ನ ಹಾಕ್ಕೊಂಡವರಿಗೆಲ್ಲ ಒಂದೇ ಕಣ್ಣು. ನನಗೂ ಅಷ್ಟೇ, ನಿಮಗೂ ಅಷ್ಟೇ. ಹೊಸಬರೆಲ್ಲ ಗೋಡೆಗೆ ಹೊಡೆಯೋದು ಯಾಕೆ ಅಂದ್ಕೊಂಡ್ರಿ? ದೂರ ಗೊತ್ತಾಗದೆ.” ಆಮೇಲೆ ನನ್ನ ಕಡೆ ತಿರುಗಿದ್ದಿರಬೇಕು, ದನಿ ಹತ್ತಿರವಾಯಿತು. “ನೀವು ಮನೇಲಿ ಹೇಗೆ ಅಂದಾಜು ಮಾಡ್ತೀರಾ ಆಂಟಿ?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕಣ್ಣು ಹೇಗೆ ಹೋಯಿತೆಂದು ಕೇಳಿದವರುಂಟು, ಉಳಿದದ್ದರಲ್ಲಿ ಹೇಗೆ ನೋಡುತ್ತೀ ಎಂದು ಕೇಳಿದವರಿಲ್ಲ. ಯೋಚಿಸಿ ಹೇಳಿದೆ. ಹತ್ತಿರ ಬಂದ ಹಾಗೆ ವಸ್ತು ದೊಡ್ಡದಾಗುತ್ತದೆ. ಮುಂದಿನದು ಹಿಂದಿನದನ್ನು ಮರೆಮಾಡುತ್ತದೆ. ಅನುಮಾನವಾದರೆ ತಲೆಯನ್ನು ಕೊಂಚ ಅತ್ತಿತ್ತ ಆಡಿಸುತ್ತೇನೆ. ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ನಿಧಾನವಾಗಿ.

“ಹಾಗೇ ಹಾರಿಸಿ ನೋಡೋಣ. ತಲೆ ಬದಲು ಡ್ರೋನ್ ಆಡಿಸಿ.”

“ಅಣ್ಣಾ, ನೀನು ಸುಮ್ನೆ ನಿಂತ್ಕೋ,” ಎಂದು ಹೇಳಿ ಎಡಗಡೆಯ ಕಡ್ಡಿ ಒತ್ತಿದೆ.

ಊಟದ ಮನೆಗೆ ಹೋಗಿ ಮೇಜುಗಳ ಕೆಳಗೆ ನುಸುಳಿದೆ. ಎರಡೂ ಬದಿಗೆ ಸ್ಟೀಲ್ ಕಾಲುಗಳು ತೋಪಿನ ಮರಗಳಂತೆ ಹಿಂದಕ್ಕೆ ಓಡಿದವು. ನನಗೆ ಅರಿವಿಲ್ಲದೆಯೇ ತಲೆ ತಗ್ಗಿಸಿಕೊಂಡಿದ್ದೆ. ಮೇಜುಗಳ ಅಡಿಯಲ್ಲಿ ಎಲೆಯಡಿಕೆ ಹಾಕಿಕೊಂಡವರು ಬೆರಳಿನಿಂದ ಒರೆಸಿದ ಸುಣ್ಣದ ಗೆರೆಗಳಿದ್ದವು. ತೋಪು ಮುಗಿದೊಡನೆ ಎದುರಿಗೆ ಕಿಟಕಿ ಕಂಡಿತು, ಅಂಚೆಚೀಟಿಯಷ್ಟು ಚಿಕ್ಕದಾಗಿ. ನಿಂತೆ. ಡ್ರೋನನ್ನು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಸರಿಸಿದೆ. ಕಿಟಕಿಯ ಚೌಕಟ್ಟು ಬೇಗ ಸರಿಯಿತು, ಆಚೆಯ ಗೋಡೆ ನಿಧಾನವಾಗಿ ಸರಿಯಿತು. ಇಷ್ಟು ದೂರ ಎಂದು ಮೈಗೆ ತಿಳಿಯಿತು. ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ದಿನವೂ ಮೆಟ್ಟಿಲಿಳಿಯುವಾಗ, ದಾರ ಪೋಣಿಸುವಾಗ ತಿಳಿಯುವ ಹಾಗೆಯೇ ತಿಳಿಯಿತು.

ಮುಂದಕ್ಕೆ ಒತ್ತಿದೆ. ಅಂಚೆಚೀಟಿ ಪುಸ್ತಕವಾಯಿತು, ಪುಸ್ತಕ ಬಾಗಿಲಾಯಿತು. ಚೌಕಟ್ಟು ನಾಲ್ಕೂ ಕಡೆ ನನ್ನನ್ನು ಸವರಿಕೊಂಡು ಹಿಂದೆ ಹೋಯಿತು.

“ಹೋದ್ರು!” ಎಂದು ಯಾರೋ ಕೂಗಿದರು. ಆ ಕೂಗಿಗೆ ಕಡ್ಡಿಯನ್ನು ಜೋರಾಗಿ ಒತ್ತಿಬಿಟ್ಟು, ಬೋರಲು ಹಾಕಿದ್ದ ಕೊಪ್ಪರಿಗೆಗೆ ಠಣ್ಣೆಂದು ಗುದ್ದಿದೆ. ಪರದೆಯ ತುಂಬ ಸ್ಟೀಲಿನ ಹೊಳಪು. ಅದರಲ್ಲಿ ನಾಲ್ಕು ಬಳೆಯ ಪುಟ್ಟ ಜೀವವೊಂದು ನನ್ನನ್ನೇ ನೋಡುತ್ತ ಮಲಗಿತ್ತು. ರಶ್ಮಿ ಓಡಿಹೋಗಿ ನೆಟ್ಟಗೆ ಇಟ್ಟಳು. ಮತ್ತೆ ಎದ್ದು, ಹಿಂಬಾಗಿಲಿಂದ ಹೊರಬಂದು, ಮೆಟ್ಟಿಲ ಮೇಲಿನಿಂದ ಬಾಲ್ಕನಿ ಸುತ್ತಿ ಹಜಾರಕ್ಕೆ ಮರಳಿದೆ. ಎಷ್ಟೋ ವರ್ಷದ ಮೇಲೆ ಊರು ನೋಡಿಬಂದಷ್ಟು ದಣಿವಾಗಿತ್ತು, ಅಷ್ಟೇ ಸಂತೋಷವೂ ಆಗಿತ್ತು.

ಇಳಿಯುವ ಮೊದಲು, ನಾನು ಹೇಗೆ ಕಾಣುತ್ತೇನೋ ನೋಡೋಣ ಎಂದು ಡ್ರೋನನ್ನು ನನ್ನ ಕಡೆಗೇ ತಿರುಗಿಸಿದೆ.

ಕಬ್ಬಿಣದ ಕುರ್ಚಿಯಲ್ಲಿ ದಪ್ಪನೆಯ ಹೆಂಗಸೊಬ್ಬಳು ಮುಖಕ್ಕೆ ಕಪ್ಪು ಪೆಟ್ಟಿಗೆ ಕಟ್ಟಿಕೊಂಡು, ಬಾಯಿ ತೆರೆದುಕೊಂಡು ಕೂತಿದ್ದಳು. ಚಪ್ಪಲಿ ಬಿಟ್ಟಿದ್ದಳು, ಕಾಲ್ಬೆರಳುಗಳು ನೆಲವನ್ನು ಬಿಗಿಯಾಗಿ ಹಿಡಿದಿದ್ದವು. ಅವಳ ಎಡಗಡೆಗೆ ಅಣ್ಣ ನಿಂತಿದ್ದ. ಹಜಾರದಲ್ಲಿದ್ದವರೆಲ್ಲ ಡ್ರೋನನ್ನು ನೋಡುತ್ತಿದ್ದರು, ಅವನು ಮಾತ್ರ ಅವಳನ್ನು ನೋಡುತ್ತಿದ್ದ. ಅವನ ಒಂದು ಕೈ ಅವಳ ಭುಜದ ಹಿಂದೆ, ಮುಟ್ಟದ ಹಾಗೆ, ಬಿದ್ದರೆ ಹಿಡಿಯಲು ಸಿದ್ಧವಾಗಿ ಚಾಚಿಕೊಂಡಿತ್ತು.

ಕಣ್ಣು ಹೋದಂದಿನಿಂದ ಅಣ್ಣ ನನ್ನ ಎಡಗಡೆಗೇ ನಡೆಯುತ್ತಾನೆ. ಶಾಲೆಗೆ ಹೋಗುವಾಗಲೂ ಹಾಗೆಯೇ, ನನ್ನ ಮದುವೆಯ ಮೆರವಣಿಗೆಯಲ್ಲೂ ಹಾಗೆಯೇ. ನನಗೆ ಕಾಣದ ಕಡೆಯಿಂದ ಬರುವುದನ್ನು ಅವನು ನೋಡಿಕೊಳ್ಳುತ್ತಾನೆ. ಹಾಗಾಗಿ ಅವನೂ ನನಗೆ ಕಾಣದ ಕಡೆಗೇ ಇರುತ್ತಾನೆ. ಪಕ್ಕದಲ್ಲಿ ನಡೆಯುವ ಅವನ ಮುಖ ಹೇಗಿರುತ್ತದೆಂದು ನೋಡಿದ್ದು ಅದೇ ಮೊದಲು. ತುಟಿ ಬಿಗಿದು, ಪರೀಕ್ಷೆ ಬರೆಯುವವನ ಹಾಗಿತ್ತು. ನೆತ್ತಿಯಲ್ಲಿ ಕೂದಲು ಪೂರ್ತಿ ಹೋಗಿತ್ತು.

“ಬ್ಯಾಟರಿ ಮುಗೀತಾ ಇದೆ ಆಂಟಿ, ಇಳಿಸಿ,” ಎಂದಳು ರಶ್ಮಿ. ಕೇಳಿಸಿತು. ಇನ್ನೊಂದು ಗಳಿಗೆ ಎಂದು ಹಾಗೆಯೇ ನಿಲ್ಲಿಸಿಕೊಂಡಿದ್ದೆ. ಚಿತ್ರ ನಡುಗಿತು, ಮಸುಕಾಯಿತು, ಡ್ರೋನು ತಾನಾಗಿಯೇ ನೆಲಹಾಸಿನ ಮೇಲೆ ಕೂತುಕೊಂಡಿತು. ಪೆಟ್ಟಿಗೆ ಬಿಚ್ಚಿದಾಗ ಅದರ ಸ್ಪಂಜು ಒದ್ದೆಯಾಗಿತ್ತು. ಬೆವರು ಎಂದೆ. ರಶ್ಮಿ ಒರೆಸಲು ಬಟ್ಟೆ ಕೊಟ್ಟಳು.

ಹೊರಬಂದಾಗ ಸಂಜೆಯಾಗಿತ್ತು, ತುಂತುರು ಶುರುವಾಗಿತ್ತು. ತಿಂಡಿ ಬೀದಿಯಲ್ಲಿ ಆಗಲೇ ಕಾವಲಿಗಳು ಕಾದಿದ್ದವು. ಪಡ್ಡು, ಅಕ್ಕಿರೊಟ್ಟಿ, ಹೋಳಿಗೆಯ ಹೊಗೆ ಒಂದರೊಳಗೊಂದು ಬೆರೆತು ಹಸಿವನ್ನು ಕೆರಳಿಸಿತು. ಕೊಡೆಯ ಕೆಳಗೆ ನಿಂತು ಬಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದೆವು. ಕೊನೆಯ ತುತ್ತು ಮುಗಿಸಿ ಅಣ್ಣ ಹೇಳಿದ.

“ಎಲ್ಲರ ಮುಂದೆ ಹೇಳಬಾರದಿತ್ತು ನಾನು.”

“ಹೌದು, ಹೇಳಬಾರದಿತ್ತು.”

“ನೀನು ಬಿದ್ದುಬಿಟ್ರೆ ಅಂತ…”

“ಕುರ್ಚಿ ಮೇಲೆ ಕೂತಿದ್ದೆ ಅಣ್ಣಾ. ಬೀಳೋದೆಲ್ಲಿಗೆ?”

ಅವನಿಗೆ ನಗು ಬಂತು. “ಆ ಕಿಟಕಿ ಇದೆಯಲ್ಲ, ಎರಡು ತಿಂಗಳಾಯ್ತು, ನನಗಿನ್ನೂ ಆಗಿಲ್ಲ. ಹೇಗೆ ಹೋದೆ ಹೇಳು.”

“ಹೇಳ್ಕೊಡ್ತೀನಿ. ಈ ಕಡೆ ಬಾ ಮೊದಲು.”

“ಯಾವ ಕಡೆ?”

“ಬಲಗಡೆಗೆ. ಮಾತಾಡ್ವಾಗ ನಿನ್ನ ಮುಖ ಕಾಣಬೇಕು ನನಗೆ.”

ಅವನು ತಿಂಡಿ ಬೀದಿಯ ಜನಜಂಗುಳಿ ನೋಡಿದ, ಅತ್ತಿತ್ತ ನುಗ್ಗುತ್ತಿದ್ದ ಬೈಕುಗಳನ್ನು ನೋಡಿದ. ಆಮೇಲೆ ನನ್ನ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದ. ಕೈ ಎಲ್ಲಿಡಬೇಕೆಂದು ತಿಳಿಯದವನಂತೆ ಬ್ಯಾಗಿನ ಪಟ್ಟಿ ಹಿಡಿದುಕೊಂಡ. ನಾನು ಚೌಕಟ್ಟು ಬೇಗ ಸರಿಯುವುದನ್ನೂ ಗೋಡೆ ನಿಧಾನವಾಗಿ ಸರಿಯುವುದನ್ನೂ ಬಿಡಿಸಿ ಹೇಳುತ್ತ ನಿಲ್ದಾಣದ ಕಡೆಗೆ ನಡೆದೆ. ಅವನು ಹೂಂಗುಟ್ಟುತ್ತ, ನಡುನಡುವೆ ಪ್ರಶ್ನೆ ಕೇಳುತ್ತ ಬಂದ. ತುಂತುರಿನಲ್ಲಿ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು.

ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದ ಸ್ಕೂಟರೊಂದರ ಕನ್ನಡಿಗೆ ನನ್ನ ಎಡಭುಜ ಜೋರಾಗಿ ತಾಗಿತು. ಅಣ್ಣನ ಕೈ ಬ್ಯಾಗಿನ ಪಟ್ಟಿ ಬಿಟ್ಟು ನನ್ನ ಕಡೆಗೆ ಬಂತು, ಮತ್ತೆ ಪಟ್ಟಿಗೇ ಹೋಯಿತು. ನಾನು ಭುಜ ನೀವಿಕೊಂಡು, ತಿರುಗಿಹೋಗಿದ್ದ ಕನ್ನಡಿಯನ್ನು ಮೊದಲಿದ್ದ ಹಾಗೆ ತಿರುಗಿಸಿಟ್ಟು, ಮಾತು ಬಿಟ್ಟಲ್ಲಿಂದ ಮುಂದುವರಿಸಿದೆ.