ಬೆರಣಿ ಒಣಗದ ಆರಡಿ

ಕೊರೊನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ನಾನಾಗ ಹಾಸನದಲ್ಲಿ ಮನೆ ಮಾಡಿಕೊಂಡು ಸುತ್ತಲಿನ ಪುರಸಭೆಗಳ ಕಾಮಗಾರಿಗಳಿಗೆ ಪರಿಸರ ಪರಿಶೀಲನೆ ಮಾಡಿಕೊಡುವ ಸಲಹೆಗಾರನಾಗಿದ್ದೆ. ಹುದ್ದೆಯ ಹೆಸರು ಉದ್ದ: ‘ಎನ್ವಿರಾನ್‌ಮೆಂಟಲ್ ಅಂಡ್ ಸೋಶಿಯಲ್ ಸೇಫ್‌ಗಾರ್ಡ್ಸ್ ಸ್ಪೆಷಲಿಸ್ಟ್’. ಕೆಲಸ ಇಷ್ಟೆ: ಕಾಮಗಾರಿ ಶುರುವಾಗುವ ಮುಂಚೆ ಅದರಿಂದ ಯಾವ ಮರ, ಯಾವ ನೀರು, ಯಾರ ಬದುಕು ಕೆಡುತ್ತದೆ ಎಂದು ನೋಡಿ, ಕೆಡದ ಹಾಗೆ ಏನು ಮಾಡಬೇಕೆಂದು ಬರೆದುಕೊಡುವುದು. ಅದಕ್ಕೊಂದು ಸ್ಕ್ರೀನಿಂಗ್ ಫಾರಂ ಇರುತ್ತದೆ. ಪ್ರತಿ ಪ್ರಶ್ನೆಯ ಮುಂದೆ ‘ಹೌದು’, ‘ಇಲ್ಲ’ ಎಂದು ಎರಡು ಚೌಕ. ಕೊನೆಯಲ್ಲಿ ನನ್ನ ಸಹಿ. ಸಹಿ ಬಿದ್ದರೆ ಮಾತ್ರ ಟೆಂಡರ್.

ಊರಿನ ಹೆಸರು ಬರೆಯುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕರ ನಡುವೆ ಎಲ್ಲೋ ಇದೆ ಎಂದರೆ ಸಾಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕಿರಿಯ ಎಂಜಿನಿಯರುಗಳಿಗೆ ತರಬೇತಿ ಕೊಡುವಾಗ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅದು ಒಂದಿಷ್ಟು ನುಣುಪಾಗಿದೆ. ಪ್ರತಿ ಸಲವೂ ಅದರಲ್ಲಿ ನಾನು ಒಂದಿಷ್ಟು ಜಾಣನಾಗಿದ್ದೇನೆ. ಹಾಗಾಗಿ ಬರೆಯಲು ಕೂತಾಗ ಕಪಾಟಿನಿಂದ ಅಂದಿನ ಫೀಲ್ಡ್ ಬುಕ್ ತೆಗೆದೆ. ಫೋಟೊಗಳನ್ನೂ ಹುಡುಕಿದೆ. ನನ್ನ ಕತೆಗೂ ಅವಕ್ಕೂ ತಾಳೆಯಾಗಲಿಲ್ಲ. ತಾಳೆಯಾಗದ ಕಡೆಯೆಲ್ಲ ಹೇಳಿಕೊಂಡೇ ಹೋಗುತ್ತೇನೆ.

ಊರಿನ ಮೇಲಿನ ಬೀದಿ ಒಂದು ದಿಬ್ಬದ ಅಂಚಿನಲ್ಲಿದೆ. ಅಂಚಿನಿಂದ ಕೆಳಕ್ಕೆ ಒಂಬತ್ತು ಮೀಟರ್ ಇಳಿಜಾರು. ಹಿಂದಿನ ಮಳೆಗಾಲದಲ್ಲಿ ಅದರ ಒಂದು ಮಗ್ಗುಲು ಕುಸಿದು, ಮೇಲಿನ ಏಳು ಮನೆಗಳ ಹಿತ್ತಿಲು ಗಾಳಿಯಲ್ಲಿ ನಿಂತ ಹಾಗಾಗಿತ್ತು. ಅದಕ್ಕೆ ಪುರಸಭೆ ತಂದ ಯೋಜನೆ ಅರವತ್ತೆರಡು ಮೀಟರ್ ಉದ್ದದ ಕಾಂಕ್ರೀಟ್ ತಡೆಗೋಡೆ. ಗೋಡೆಯ ಪಾಯಕ್ಕೆ ಇಳಿಜಾರಿನ ಬುಡದಲ್ಲಿ ಮೂರು ಮೀಟರ್ ಅಗಲದ ಜಾಗ ಬೇಕು. ಆ ಜಾಗದಲ್ಲಿ ನಿಂಗಮ್ಮ ಎಂಬ ಹೆಂಗಸಿನ ದನದ ಕೊಟ್ಟಿಗೆ ಇತ್ತು, ಎರಡು ಹಸು ಇದ್ದವು. ಕೊಟ್ಟಿಗೆಯ ಹಿಂದೆ, ಇಳಿಜಾರಿನ ಮಣ್ಣಿಗೆ ಒತ್ತಿಕೊಂಡಿದ್ದ ಹಳೆಯ ಕಲ್ಲಿನ ಮೋಟುಗೋಡೆಯ ತುಂಬ ಅವಳು ಬೆರಣಿ ತಟ್ಟುತ್ತಿದ್ದಳು. ಹಾಲು ಡೈರಿಗೆ, ಬೆರಣಿ ಬಚ್ಚಲ ಒಲೆಗೆ, ಹೋಮಕ್ಕೆ, ವಿಭೂತಿ ಮಾಡುವವರಿಗೆ. ಅವಳ ಬದುಕು ಅಷ್ಟರಲ್ಲೇ ಇತ್ತು.

ಜಾಗ ಪುರಸಭೆಯದು. ಅವಳ ಹತ್ತಿರ ಕಾಗದವಿಲ್ಲ. ಆದರೆ ನಮ್ಮ ನಿಯಮದಲ್ಲಿ ಕಾಗದವಿಲ್ಲದವರ ಬದುಕೂ ಲೆಕ್ಕಕ್ಕಿದೆ. ‘ಯಾರದಾದರೂ ಜೀವನೋಪಾಯಕ್ಕೆ ಧಕ್ಕೆಯಾಗುವುದೇ?’ ಎಂಬುದು ಫಾರಂನ ಹದಿನಾಲ್ಕನೆಯ ಪ್ರಶ್ನೆ. ನಾನು ಹೋಗುವ ಹೊತ್ತಿಗೆ ಅದರ ಮುಂದೆ ‘ಇಲ್ಲ’ ಎಂದು ಟಿಕ್ ಬಿದ್ದಾಗಿತ್ತು.

ಟಿಕ್ ಹಾಕಿದವರು ಅಸಿಸ್ಟೆಂಟ್ ಎಂಜಿನಿಯರ್ ಪ್ರಕಾಶ್. ಕೆಟ್ಟವರಲ್ಲ, ಅವಸರದವರು. ಮಳೆಗಾಲದೊಳಗೆ ಗೋಡೆ ನಿಲ್ಲಿಸದಿದ್ದರೆ ಏಳು ಮನೆ ಕೆಳಗೆ ಬರುತ್ತವೆಂಬ ಭಯ ಅವರಿಗೆ ನಿಜವಾಗಿಯೂ ಇತ್ತು.

“ಸಾರ್, ಇದೊಂದು ಸೈನ್ ಹಾಕ್ಬಿಡಿ. ಆಯಮ್ಮಂಗೆ ಬೇರೆ ಕಡೆ ಎಲ್ಲಾದ್ರೂ ಒಂದು ಶೆಡ್ ಹಾಕ್ಕೊಡೋಣ,” ಅಂದರು.

“ಎಲ್ಲಿ?”

“ಎಲ್ಲಾದ್ರೂ, ಸಾರ್.”

ಮುಂದಿನದನ್ನು ತರಬೇತಿಯಲ್ಲಿ ನಾನು ಹೇಳುವುದು ಹೀಗೆ: ಗೋಡೆಯ ಮೇಲೆ ಸಾಲುಸಾಲು ಬೆರಣಿ. ನಡುವೆ ಒಂದು ಕಡೆ ಮಾತ್ರ ಖಾಲಿ. ನನ್ನ ಅನುಭವದ ಕಣ್ಣು ಆ ಖಾಲಿ ಜಾಗದ ಮೇಲೆ ನಿಂತಿತು. ‘ಇಲ್ಲೇಕೆ ತಟ್ಟಿಲ್ಲಮ್ಮಾ?’ ಎಂದು ಕೇಳಿದೆ.

ಹಾಗಾಗಲಿಲ್ಲ. ನನ್ನ ಕಣ್ಣು ಎಲ್ಲಿಯೂ ನಿಲ್ಲಲಿಲ್ಲ. ನಾನು ಹೊಂಗೆ ಮರಗಳನ್ನು ಎಣಿಸುತ್ತಿದ್ದೆ. ಫೀಲ್ಡ್ ಬುಕ್ಕಿನಲ್ಲಿ ಹನ್ನೊಂದು ಮರಗಳ ಸುತ್ತಳತೆ ಬರೆದಿದೆ. ಅದರ ಕೆಳಗೆ, ನನ್ನದೇ ಅಕ್ಷರದಲ್ಲಿ: ‘ನಿಂಗಮ್ಮ: ಒಂದು ಕಡೆ ಬೆರಣಿ ಒಣಗುವುದಿಲ್ಲವಂತೆ. ಸಂಬಂಧವಿಲ್ಲ.’

ಅವಳು ಹೇಳಿದ್ದು ಈಗ ನೆನಪಾಗುತ್ತದೆ. ಅಥವಾ ಆ ಸಾಲನ್ನು ಓದಿದ ಮೇಲೆ ನಾನೇ ಕಟ್ಟಿಕೊಂಡೆನೋ.

“ಗ್ವಾಡೆ ಕಟ್ಟಿ ಸಾ, ಯಾರ್ ಬ್ಯಾಡ ಅಂತರೆ? ಅದ್ಕೂ ಮದ್ಲು ಈ ಬೆವರೋ ಜಾಗ ನೋಡಿ. ಇಲ್ಲಿ ತಟ್ಟಿದ್ ಬೆರಣಿ ಒಣಗಕ್ಕಿಲ್ಲ, ಸರ್ರಂತ ಜಾರ್ಕಂಡ್ ಬತ್ತದೆ.”

“ಆಯ್ತಮ್ಮ, ನೋಡೋಣ,” ಎಂದಿರಬೇಕು ನಾನು. ಕಚೇರಿಯ ಭಾಷೆಯಲ್ಲಿ ಇದರ ಅರ್ಥ, ನೋಡುವುದಿಲ್ಲ.

ಮುಂದಿನ ವಾರ ಸಾರ್ವಜನಿಕ ಸಮಾಲೋಚನಾ ಸಭೆ. ಕಾಮಗಾರಿಯಿಂದ ತೊಂದರೆಯಾಗುವವರ ಮಾತು ಕೇಳಲೆಂದು ನಿಯಮ ಇಟ್ಟಿರುವ ಸಭೆ ಇದು. ಬೆಳಿಗ್ಗೆ ಹನ್ನೊಂದಕ್ಕೆ, ಪುರಸಭೆಯ ಮೀಟಿಂಗ್ ಹಾಲಿನಲ್ಲಿ. ಬಂದವರು ಒಂಬತ್ತು ಜನ. ಎಂಟು ಜನ ಅದೇ ಕಚೇರಿಯ ಸಿಬ್ಬಂದಿ. ಒಂಬತ್ತನೆಯವಳು ನಿಂಗಮ್ಮ.

ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಕವರ್ ಇತ್ತು. ಸಹಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ, ಕವರಿನಿಂದ ಎರಡು ಬೆರಣಿ ತೆಗೆದು, ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

“ಏನಮ್ಮಾ ಇದು! ಆಫೀಸು ಕಣಮ್ಮಾ ಇದು, ನಿನ್ ಕೊಟ್ಟಿಗೆ ಅಲ್ಲ,” ಎಂದರು ಪ್ರಕಾಶ್. ಎಲ್ಲರೂ ನಕ್ಕರು.

“ಗೊತ್ತು ಕಣಪ್ಪ. ಕೊಟ್ಟಿಗೆ ಆಗಿದ್ರೆ ಗುಡ್ಸಿರ್ತಿದ್ದೆ,” ಎಂದಳು ನಿಂಗಮ್ಮ. ಈಗ ಇನ್ನೂ ಜೋರಾಗಿ ನಕ್ಕರು, ಪ್ರಕಾಶರೊಬ್ಬರನ್ನು ಬಿಟ್ಟು. “ಎರಡ್ನೂ ಒಂದೇ ದಿನ ತಟ್ಟಿದ್ದು. ಮುರ್ದ್ ನೋಡಿ.”

ಒಂದು ಬೆರಣಿ ಲಟ್ಟೆಂದು ಎರಡು ತುಂಡಾಯಿತು. ಇನ್ನೊಂದು ಹೊರಗೆ ಒಣಗಿದಂತಿದ್ದರೂ, ಗೋಡೆಗೆ ಅಂಟಿದ್ದ ಮಗ್ಗುಲಲ್ಲಿ ಹಸಿಹಸಿಯಾಗಿ ಬೆರಳಿಗೆ ಮೆತ್ತಿಕೊಂಡಿತು.

ಮುರಿದವನು ನಾನು. ಇಷ್ಟು ದಿನ ಹಾಗೆ ನಂಬಿದ್ದೆ. ಬೆರಳಿಗೆ ಮೆತ್ತಿದ ತಂಪು ಕೂಡ ನೆನಪಿದೆ. ಆದರೆ ಸಭೆಯ ಫೋಟೊದಲ್ಲಿ ಬೆರಣಿ ಹಿಡಿದು ನಿಂತಿರುವವರು ಪ್ರಕಾಶ್. ನಾನು ಹಿಂದಿನ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಿದ್ದೇನೆ.

“ಮಳೆ ಇಲ್ಲ, ಮಂಜಿಲ್ಲ. ಉರಿಬಿಸ್ಲು,” ಎಂದಳು ನಿಂಗಮ್ಮ. “ನೀರ್ ಎಲ್ಲಿಂದ ಬತ್ತದೆ? ನೀವ್ ಓದ್ದೋರು, ಯೋಳಿ. ದಿನಾಲೂ ಇಲ್ಲ ಇದು. ಮಂಗ್ಳಾರ, ಸುಕ್ಕುರ್ವಾರ. ಆ ಎರಡ್ ದಿನವೇ ಬೆವರದು.”

ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದ ವಾಟರ್‌ಮ್ಯಾನ್ ಜವರಯ್ಯ ನೆಟ್ಟಗಾದ.

“ಯಾವ್ ಯಾವ್ ದಿನ ಅಂದೆ?”

“ಮಂಗ್ಳಾರ, ಸುಕ್ಕುರ್ವಾರ.”

“ಮೇಲ್ನ ಬೀದಿಗೆ ನೀರ್ ಬುಡೋ ದಿನ ಕಣವ್ವ ಅದು.”

ನಡಾವಳಿ ಬರೆಯುತ್ತಿದ್ದವರ ಪೆನ್ನು ನಿಂತಿತು. ನನ್ನ ನೆನಪಿನಲ್ಲಿ ಫ್ಯಾನ್ ಕೂಡ ನಿಂತಿದೆ. ಅದನ್ನು ನಂಬಬೇಡಿ.

ಆ ಒಂದು ಮಾತಿನಿಂದ ಯೋಜನೆಯೇ ತಲೆಕೆಳಗಾಯಿತು. ಇಳಿಜಾರು ಕುಸಿಯಲು ಮಳೆಯೊಂದೇ ಕಾರಣವೆಂದು ನಾವೆಲ್ಲ ನಂಬಿದ್ದೆವು. ಗೋಡೆಯ ಲೆಕ್ಕಾಚಾರ ನಡೆದದ್ದೂ ಹಾಗೆಯೇ. ಆದರೆ ಮೇಲಿನ ಬೀದಿಯ ಕೊಳಾಯಿ ಪೈಪು ಎಲ್ಲೋ ಸೋರಿ, ವಾರಕ್ಕೆರಡು ಸಲ ಇಳಿಜಾರಿನ ಹೊಟ್ಟೆಗೆ ನೀರು ಕುಡಿಸುತ್ತಿದ್ದರೆ? ಗೋಡೆಯ ಬೆನ್ನಿಗೆ ಆ ನೀರು ವರ್ಷವಿಡೀ ಒತ್ತಡ ಹಾಕುತ್ತದೆ. ಗೋಡೆ ಬೀಳುತ್ತಿತ್ತೆಂದು ಆಣೆ ಮಾಡಲಾರೆ. ಆದರೆ ನೀರು ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ಕಟ್ಟಿದ ಗೋಡೆಯ ಮೇಲೆ ಏಳು ಮನೆ ನಿಲ್ಲಿಸಲು ನನಗೆ ಧೈರ್ಯವಿರಲಿಲ್ಲ. ಅಲ್ಲೇ ಸಹಿ ನಿಲ್ಲಿಸಿದೆ. ಇದು ನಿಜ. ಇದಕ್ಕೆ ಪತ್ರದ ಪ್ರತಿ ಇದೆ.

“ಸಾರ್, ಮಳೆ ಬಂದ್ಬಿಟ್ರೆ?” ಎಂದರು ಪ್ರಕಾಶ್.

“ಒಂದು ವಾರ ಕೊಡಿ.”

ಭೂಮಿಯೊಳಗಿನ ನೀರನ್ನು ಅಳೆಯಲು ಪೀಜೋಮೀಟರ್ ಎಂಬ ಉಪಕರಣವಿದೆ. ನೆಲಕ್ಕೆ ಕೊರೆದು ಇಳಿಬಿಟ್ಟ ಸಣ್ಣ ಕೊಳವೆ. ಅದನ್ನು ತರಿಸಲು ತಿಂಗಳು ಬೇಕು. ನಮ್ಮ ಹತ್ತಿರ ಬೆರಣಿ ಇತ್ತು.

ಸೋಮವಾರ ನಿಂಗಮ್ಮ ಮೋಟುಗೋಡೆಯ ಉದ್ದಕ್ಕೂ ಒಂದೇ ಸಾಲಿನಲ್ಲಿ ಬೆರಣಿ ತಟ್ಟಿದಳು. ಐವತ್ತು ಎಂದು ಬರೆದುಕೊಂಡಿದ್ದೇನೆ. ಪ್ರತಿಯೊಂದರ ನೆತ್ತಿಯ ಮೇಲಿನ ಕಲ್ಲಿಗೆ ನಾನು ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ಮಂಗಳವಾರ ಮೇಲಿನ ಬೀದಿಯ ವಾಲ್ವ್ ಮುಚ್ಚಿರಬೇಕೆಂದು ಜವರಯ್ಯನಿಗೆ ಹೇಳಿದಾಗ ಅವನು ತಲೆ ಮೇಲೆ ಕೈ ಹೊತ್ತ.

“ನಿಮ್ಗೇನ್ ಸಾ, ಬಸ್ ಅತ್ಕಂಡ್ ಆಸನಕ್ಕೆ ಓಯ್ತೀರ. ಮೇಲ್ನ ಬೀದಿಯೋರು ನನ್ನ ಸಿಗಿದು ತೋರಣ ಕಟ್ತಾರೆ.”

ಪ್ರಕಾಶ್ ಬೆಳಿಗ್ಗೆ ಆರಕ್ಕೇ ಎರಡು ಟ್ಯಾಂಕರ್ ಕಳಿಸಿ ಅವನ ಜೀವ ಉಳಿಸಿದರು. ಯಾರೂ ಹೇಳದೆ ತಾವೇ ಮಾಡಿದ್ದು.

ಗುರುವಾರ ಎಲ್ಲ ಬೆರಣಿಯೂ ಗೋಡೆಯ ಮೇಲೇ ಒಣಗಿ ನಿಂತಿದ್ದವು. ಕಿತ್ತು, ಅದೇ ಜಾಗದಲ್ಲಿ ಹೊಸದು ತಟ್ಟಿಸಿದೆವು. ಶುಕ್ರವಾರ ಬೆಳಿಗ್ಗೆ ವಾಲ್ವ್ ತೆರೆದರು. ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳ ಸಂದು ಕಪ್ಪಗಾಯಿತು. ನಾವು ನಾಲ್ವರೂ ಗೋಡೆಯೆದುರು ನಿಂತಿದ್ದೆವು. ನಾಲ್ಕು ಗಂಟೆಗೆ ಇಪ್ಪತ್ತೊಂದನೆಯ ನಂಬರ್ ಜಾರಿ ಕೆಳಗೆ ಬಿತ್ತು. ಆಮೇಲೆ ಇಪ್ಪತ್ತೆರಡು. ಆಮೇಲೆ ಇಪ್ಪತ್ತು.

“ಬಿತ್ತು! ಸಾರ್, ಬಿತ್ತು!” ಎಂದು ಪ್ರಕಾಶ್ ಕೂಗಿದರು, ಕಬಡ್ಡಿ ಅಂಕಣದ ಪಕ್ಕ ನಿಂತವರ ಹಾಗೆ.

“ನಾನ್ ಅಂದಾಗ ಬೆರಣಿ ಕತೆ ಅಂದ್ರಿ,” ಎಂದಳು ನಿಂಗಮ್ಮ. “ಈಗ ನಂಬರ್ ಬರ್ದ್ ಮ್ಯಾಕೆ ಕುಣೀತಿದೀರ.”

ಬಿದ್ದದ್ದು ಆರಡಿ ಅಗಲದೊಳಗೆ ಮಾತ್ರ. ಅದರ ನೇರಕ್ಕೆ ಮೇಲಿನ ಬೀದಿಯಲ್ಲಿ ಅಗೆಸಿದೆವು. ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ಕಬ್ಬಿಣದ ಪೈಪು ಸಿಕ್ಕಿತು. ಅದರ ಒಂದು ಜೋಡಣೆ ಬಾಯಿ ಬಿಟ್ಟುಕೊಂಡಿತ್ತು. ಪ್ರಕಾಶ್ ಷೂ ಕಳಚಿ ಗುಂಡಿಗೆ ತಾವೇ ಇಳಿದರು.

ಉಳಿದದ್ದು ಬೇಗ ನಡೆಯಿತು. ಪೈಪು ಬದಲಾಯಿತು. ವಿನ್ಯಾಸವೂ ಬದಲಾಯಿತು. ಕುಸಿದ ಹದಿನೆಂಟು ಮೀಟರ್‌ಗೆ ಮಾತ್ರ, ಬುಡಕ್ಕಿಂತ ಮೇಲೆ, ಗೇಬಿಯನ್ ಇಟ್ಟರು. ಗೇಬಿಯನ್ ಎಂದರೆ ತಂತಿಬಲೆಯ ಪೆಟ್ಟಿಗೆಯಲ್ಲಿ ಕಲ್ಲು ತುಂಬಿ ಪೇರಿಸುವುದು. ಅದರ ಮೂಲಕ ನೀರು ತಾನಾಗಿ ಹರಿದುಹೋಗುತ್ತದೆ. ಉಳಿದ ಇಳಿಜಾರನ್ನು ಮೆಟ್ಟಿಲಾಗಿ ಕತ್ತರಿಸಿ, ತಲೆಯಲ್ಲಿ ಚರಂಡಿ ಮಾಡಿ, ಮೈಗೆ ಲಾವಂಚದ ಹುಲ್ಲು ನೆಟ್ಟರು. ಹನ್ನೊಂದು ಹೊಂಗೆಯಲ್ಲಿ ಒಂದನ್ನೂ ಕಡಿಯಲಿಲ್ಲ. ಕೊಟ್ಟಿಗೆ ಇದ್ದಲ್ಲೇ ಉಳಿಯಿತು. ಹದಿನಾಲ್ಕನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಈಗ ನಿಜವಾಗಿತ್ತು. ಸಹಿ ಹಾಕಿದೆ.

ನನ್ನ ವರದಿಯಲ್ಲಿ ಇದೆಲ್ಲ ಒಂದು ವಾಕ್ಯ: ‘ಸ್ಥಳ ಪರಿಶೀಲನೆಯ ವೇಳೆ ತೇವಾಂಶ ಕಂಡುಬಂದಿರುತ್ತದೆ.’ ಯಾರಿಗೆ ಕಂಡಿತು? ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಮನುಷ್ಯರಿಲ್ಲದ ಆ ಜಾಗದಲ್ಲಿ, ತರಬೇತಿಯಿಂದ ತರಬೇತಿಗೆ, ಮೆಲ್ಲಗೆ ನಾನು ಬಂದು ಕೂತೆ.

ಆಮೇಲೆ ಕಳೆದ ಮಳೆಗಾಲಗಳಲ್ಲಿ ಒಂದು ಬಹಳ ಜೋರಾಗಿತ್ತು. ಹೇಮಾವತಿ ತುಂಬಿ ಹರಿದ ವಾರ ಪ್ರಕಾಶ್ ಫೋನ್ ಮಾಡಿದರು. ಅವರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಆದರೂ ನೋಡಿಕೊಂಡು ಬರಲು ಹೋಗಿದ್ದರಂತೆ. “ಒಂದು ಹೆಂಟೆನೂ ಅಲ್ಲಾಡಿಲ್ಲ, ಸಾರ್,” ಎಂದರು. ಏಳು ಮನೆಯೂ ಹಾಗೇ ಇದ್ದವು.

ಈ ಬರಹ ಮುಗಿಸುವ ಮುಂಚೆ ನಾನೂ ಒಮ್ಮೆ ಹೋದೆ. ಹೊಂಗೆ ನೆರಳಿನಲ್ಲಿ ನಿಂಗಮ್ಮ ಹಸುವಿನ ಮೈ ತೊಳೆಯುತ್ತಿದ್ದಳು. ಈಗ ಮೂರು ಹಸು.

“ನಿಮ್ ಹುಲ್ ಇದ್ಯಲ್ಲ ಸಾ, ನಮ್ ದನ ಮೂಸೂ ನೋಡಕ್ಕಿಲ್ಲ,” ಎಂದಳು.

“ಅದಕ್ಕೇ ಅಲ್ವೇನಮ್ಮ ಅದನ್ನ ನೆಟ್ಟಿದ್ದು!”

ಬರೆದದ್ದನ್ನು ಓದಿ ಹೇಳಿದೆ. ಕೇಳಿಸಿಕೊಂಡಳು. “ಐವತ್ತಲ್ಲ ಸಾ, ಅರವತ್ತು. ತಟ್ಟಿದೋಳು ನಾನು.” ಫೀಲ್ಡ್ ಬುಕ್ಕಿನಲ್ಲಿ ಐವತ್ತೆಂದೇ ಇದೆ. ನಾನು ವಾದಿಸಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಇಳಿಜಾರನ್ನು ವರ್ಷಕ್ಕೊಮ್ಮೆ ನೋಡುವವನು ಬರೆಯುತ್ತಾನೆ, ದಿನವೂ ಮುಟ್ಟುವವಳು ಬಲ್ಲಳು. ಬರೆಯುವವನು ‘ಸಂಬಂಧವಿಲ್ಲ’ ಎಂಬ ಪದ ಬಳಸುವ ಮುಂಚೆ ಇನ್ನೊಮ್ಮೆ ಹೋಗಿ ಬರಬೇಕು. ಈಗ ನನ್ನ ಫೀಲ್ಡ್ ಬುಕ್ಕಿನ ಪ್ರತಿ ಪುಟದಲ್ಲೂ ಒಂದು ಗೆರೆ ಎಳೆದು ‘ಹೇಳಿದವರು’ ಎಂಬ ಕಾಲಂ ಮಾಡಿಕೊಂಡಿದ್ದೇನೆ. ಅದು ಖಾಲಿಯಿದ್ದರೆ ಪುಟ ತಿರುಗಿಸುವುದಿಲ್ಲ.

ಹೊರಡುವಾಗ ಮೋಟುಗೋಡೆಯ ಮುಂದೆ ನಿಂತೆ. ಈ ತುದಿಯಿಂದ ಆ ತುದಿಯವರೆಗೆ ಬೆರಣಿ, ಎಲ್ಲಿಯೂ ಸಂದಿಲ್ಲ. ಒಂದನ್ನು ಕಿತ್ತು ಹಿಂದುಮುಂದು ನೋಡಿದೆ. ಎರಡೂ ಮಗ್ಗುಲು ಗರಿಗರಿ.

“ಇಲ್ಲೇ ಅಲ್ವೇನಮ್ಮ, ಆ ಆರಡಿ?” ಎಂದೆ, ಬಲು ಖಚಿತವಾಗಿ.

ನಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ನನ್ನ ತೋಳು ಹಿಡಿದು, ಎರಡು ಮಾರು ಆಚೆಗೆ ನಡೆಸಿ ನಿಲ್ಲಿಸಿದಳು.

“ಇಲ್ಲಿ, ಸಾ.”