ನಾಲ್ಕು ಮಂದಿಯ ಮುಂದೆ ಹೇಳಬೇಕಾದ ಶಬ್ದ

ಇಂಗ್ಲಿಷ್ ಶಬ್ದಕ್ಕೆ ಅರ್ಥ ಹೇಳುವಾಗ ನಮ್ಮ ಮಾಸ್ತರರ ಎಡಹುಬ್ಬೊಂದೇ ಮೇಲೇರಿ ಟೊಪ್ಪಿಗೆಯ ಅಂಚು ಮುಟ್ಟುತ್ತಿತ್ತು. ಅರ್ಥ ಕಠಿಣವಾದಷ್ಟೂ ಹುಬ್ಬು ಎತ್ತರ. ಸಿಂದಗಿಯ ಶಾಲೆಯಲ್ಲಿ ಅವರು ನಮಗೆ ‘ಅವೌಡ್ಲಿ’ (avowedly) ಕಲಿಸಿದ ದಿನ ಅದು ಟೊಪ್ಪಿಗೆಯೊಳಗೇ ಹೋಯಿತು.

“ಅಂದ್ರ, ಎಲ್ಲಾರ ಮುಂದ ಬಾಯಿಬಿಟ್ಟು ಹೇಳಿದ್ದು. ನನಗ ಬದ್ನಿಕಾಯಿ ಸೇರಂಗಿಲ್ಲ. ಇದನ್ನ ಬೀಗರ ಮನ್ಯಾಗ ಊಟಕ್ಕ ಕುಂತು ಹೇಳೇನಿ. ಹಿಂಗಾಗಿ ನಾ ಅವೌಡ್ಲಿ ಬದ್ನಿಕಾಯಿ ವಿರೋಧಿ. ನೀವು ಅದನ್ನ ರೊಟ್ಟಿ ಬುಡಕ ಮುಚ್ಚಿಟ್ಟು ಸುಮ್ಮನ ಎದ್ರ, ಈ ಶಬ್ದ ನಿಮಗ ಹತ್ತಂಗಿಲ್ಲ.”

ನಮ್ಮ ಕಡೆ ಬೀಗರ ಮನೆಯ ಎಣ್ಣೆಗಾಯಿ ಒಲ್ಲೆ ಎನ್ನುವುದು ಸಣ್ಣ ಧೈರ್ಯವಲ್ಲ.

ಆ ಶಬ್ದ ಹಾಕಿ ಎಲ್ಲರೂ ತಮ್ಮ ಬಗ್ಗೆ ಒಂದು ವಾಕ್ಯ ಮಾಡಬೇಕಿತ್ತು. ಮೆಟ್ರಿಕ್ ಮುಗಿಸಿ ಬಿಜಾಪುರದ ಕಾಲೇಜಿಗೆ ಹೋಗಲು ನಾನು ಅವೌಡ್ಲಿ ಬಯಸುತ್ತೇನೆ ಎಂದೆ.

“ನಿಮ್ಮಪ್ಪಗ ಹೇಳಿಯೇನವಾ?”

“ಇಲ್ಲರಿ.”

“ಅವ್ವಗ?”

“ಇಲ್ಲರಿ.”

“ಹಂಗಾರ ಈ ವಾಕ್ಯ ಸುಳ್ಳು.”

ಹೇಳುವುದು ಹೇಗೆ? ಮನೆಯಲ್ಲಿ ಆಗಲೇ ವರನ ಮಾತು ನಡೆದಿತ್ತು. ಅಪ್ಪ ಬೇಡ ಅಂದುಬಿಟ್ಟರೆ ಎಂಬ ಚಿಂತೆಯಲ್ಲಿ ನಾನು ಊಟ ಬಿಟ್ಟೆನೆಂದುಕೊಳ್ಳಬೇಡಿ. ಚಿಂತೆ ಹತ್ತಿದರೆ ನನಗೆ ಒಂದು ರೊಟ್ಟಿ ಹೆಚ್ಚೇ ಬೇಕು.

ಸಂತೆಯ ದಿನ ಅಪ್ಪನ ಕಿರಾಣಿ ಅಂಗಡಿಗೆ ಬುತ್ತಿ ಒಯ್ದೆ. ಗಿರಾಕಿಗಳ ನಡುವೆ ಮಾಸ್ತರರು ನಿಂತಿದ್ದರು.

“ಬಂದಿಯೇನವಾ? ಆ ವಾಕ್ಯ ಈಗ ಖರೇ ಮಾಡು.”

ಬೆಲ್ಲದ ಪೆಂಟೆಯ ಕಡೆ ಮುಖ ಮಾಡಿ, ಕನ್ನಡದಲ್ಲಿ ಹೇಳಿದೆ. ಅಪ್ಪನ ಕೈಯ ತಕ್ಕಡಿ ಅಲ್ಲೇ ನಿಂತಿತು.

“ಇದನ್ನ ನನಗ್ಯಾಕ ಹೇಳಿಲ್ಲ?”

“ನೀ ಬ್ಯಾಡ ಅಂತಿ ಅಂತ...”

“ನೀ ಕೇಳೂಕಿಂತ ಮೊದ್ಲ ನಾ ಬ್ಯಾಡ ಅಂದ್ನೇನು?”

ಸಕ್ಕರೆಗೆ ನಿಂತಿದ್ದ ಮುದುಕಿ ನಡುವೆ ಬಾಯಿ ಹಾಕಿದಳು. “ಸಾವಕಾರ, ಸಂತಿ ಮಂದಿ ಮುಂದ ಹೂಂ ಅಂದ್ರ ಆಮ್ಯಾಲ ಹೊಳ್ಳಾಕ ಬರಂಗಿಲ್ಲ. ನೋಡಿ ಅನ್ನು.”

ಅಪ್ಪ ಮಂದಿಯನ್ನು ನೋಡಿದ, ನನ್ನನ್ನು ನೋಡಿದ. “ಹೂಂ ಅಂದೆ. ವರಾ ಕಾಯ್ಲಿ. ಆಯಿ, ನೀ ಚೀಲಾ ಸರಿಯಾಗಿ ಹಿಡಿ, ಸಕ್ರಿ ಚೆಲ್ತೈತಿ.”

ಬೇಡ ಎನ್ನಿಸಿಕೊಳ್ಳಲು ತಯಾರಾಗಿದ್ದ ನನಗೆ ಆ ಕ್ಷಣವೇ ಹಾಸ್ಟೆಲ್ಲಿನ ಚಿಂತೆ ಹತ್ತಿತು. ಮಾಸ್ತರರ ಹತ್ತಿರ ಸರಿದು, “ಹೆದರಿಕಿ ಆಗಾಕತ್ತೈತ್ರಿ” ಎಂದೆ.

“ಆಗ್ಲಿ ಬಿಡು. ಹೆದರಕೋಂತ ಕಲಿ. ಹೆದರಿಕಿ ಹೋಗ್ಲಿ ಅಂತ ಕಾದ್ರ ನಿನಗ ಈ ಆಯಿಯಷ್ಟ ವಯಸ್ಸಾಗ್ತೈತಿ.”

ಆಯಿ ಅವರನ್ನು ದುರುಗುಟ್ಟಿ ನೋಡಿದಳು.

ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾದವು. ನಾನು ಹೆದರುತ್ತಲೇ ಬಿ.ಎ. ಮುಗಿಸಿದೆ, ಹೆದರುತ್ತಲೇ ಮುದ್ದೇಬಿಹಾಳದಲ್ಲಿ ಶಿಕ್ಷಕಿಯಾದೆ. ಈಗಲೂ ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ಒಂದು ಗಳಿಗೆ ಎದೆ ಡವಗುಟ್ಟುತ್ತದೆ. ಡವಗುಟ್ಟಲಿ ಎಂದು ಒಳಗೆ ಹೋಗುತ್ತೇನೆ.