ಏಕಾದಶಿಯಂದು ಬೇಡಿದ ಮೀನು

“ದೇವ್ರೇ, ಆ ಚಿಕ್ಕದಕ್ಕೂ ಒಂದು ಮೀನು ಸಿಗೋ ಹಾಗೆ ಮಾಡಪ್ಪ!” ಎಂದು ನಮ್ಮತ್ತೆ ಕೈಮುಗಿದಾಗ ನಾನು ಬೈನಾಕ್ಯುಲರ್ ಕೆಳಗಿಳಿಸಿ ಅವರ ಮುಖವನ್ನೇ ನೋಡಿದೆ. ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ಮೈಸೂರಿನಿಂದ ಕೊಲಂಬಿಯಾ ಎಂಬ ಊರಿನ ನಮ್ಮ ಮನೆಗೆ ಬಂದಿದ್ದ ಅತ್ತೆ, ಅಂಗಡಿಯಲ್ಲಿ ಮೀನಿನ ಕೌಂಟರ್ ಕಂಡರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಸುತ್ತುಬಳಸಿ ಹೋಗುವವರು. ಸಾಲದ್ದಕ್ಕೆ ಅಂದು ಏಕಾದಶಿ, ಅವರಿಗೆ ಉಪವಾಸ.

ನಾವು ಕೂತಿದ್ದ ಬೆಂಚಿನೆದುರು, ಚೆಸಾಪೀಕ್ ಕೊಲ್ಲಿಯ ನೀರಿನಲ್ಲಿ ನೆಟ್ಟ ಕಂಬವೊಂದರ ಮೇಲೆ ಆಸ್ಪ್ರೇ ಎಂಬ ಮೀನುಗಿಡುಗದ ಗೂಡಿತ್ತು. ಅದರಲ್ಲಿ ಮೂರು ಮರಿಗಳು. ಗಂಡು ತಂದ ಮೀನನ್ನು ತಾಯಿ ಚೂರು ಚೂರಾಗಿ ಹರಿದು ಕೊಟ್ಟರೆ, ದೊಡ್ಡವೆರಡೂ ಮುಂದೆ ನುಗ್ಗಿ ಎಲ್ಲವನ್ನೂ ನುಂಗಿದವು. ಪುಟ್ಟ ಮರಿ ಕತ್ತು ಚಾಚಿದಾಗಲೆಲ್ಲ ಕುಕ್ಕಿ ಕೆಡವಿದವು. “ಮನೆಗೆ ಹೋಗೋಣ್ವಾ ಅತ್ತೆ?” ಎಂದು ಎರಡು ಸಲ ಕೇಳಿದೆ. ಅವರು ನನ್ನ ಕೈಯಿಂದ ಬೈನಾಕ್ಯುಲರ್ ಕಿತ್ತುಕೊಂಡರೇ ಹೊರತು ಬೆಂಚು ಬಿಟ್ಟು ಏಳಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಗಂಡು ಇನ್ನೊಂದು ಮೀನು ತಂದಿತು. ಹೊಟ್ಟೆ ತುಂಬಿದ ದೊಡ್ಡವು ತೂಕಡಿಸುತ್ತಿದ್ದವು. ತಾಯಿ ಹಕ್ಕಿ ಇತ್ತ ತಿರುಗಿ, ಪುಟ್ಟದರ ಬಾಯಿಗೆ ಒಂದೊಂದೇ ತುತ್ತು ಇಟ್ಟಿತು.

“ಅಬ್ಬಾ, ನನ್ನ ಹೊಟ್ಟೆ ತುಂಬಿದ ಹಾಗಾಯ್ತು ಕಣೇ” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮುಂದಿನ ವಾರ ಅಂಗಡಿಗೆ ಹೋದಾಗಲೂ ಅವರ ಮೂಗಿನ ಮೇಲೆ ಸೆರಗಿತ್ತು. ಆದರೆ ಅಂದು ಮೀನಿನ ಕೌಂಟರಿನ ಎದುರಿಗೇ ನಿಂತು, ಬೆರಳು ತೋರಿಸಿ ಕೇಳಿದರು: “ಇಂಥದ್ದೊಂದು ತಂದ್ರೆ ಆ ಮೂರು ಮರಿಗೂ ಸಾಕಾಗುತ್ತೇನೇ?”